ಮೇಣಗಾಗದದ ಋಣಚಿತ್ರ ಮತ್ತು ಗಣಕದ ಅನುಕರಣೆ

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವು ಪಾಳೆಯಗಾರರ ಕಾಲದ ಗಿರಿದುರ್ಗ. ಇಂತಹ ದುರ್ಗದ ಇಂದಿನ ಡಿಜಿಟಲ್ ಚಿತ್ರಕ್ಕೆ ಗಣಕದಲ್ಲಿ ಕಂದು ಛಾಯೆ ಬಳಿದು, ಅಂಚು ಹರಿದಂತೆ ತೋರಿಸಿ, ಕಲೆ ಗೀರುಗಳನ್ನು ಸೇರಿಸಿದರೆ ಅದು ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರದ ಮರುಸೃಷ್ಟಿಯಾಗುತ್ತದೆಂಬ ನಂಬಿಕೆಯಿದೆ. ವಿಧಾನಕ್ಕೂ ಶಿಥಿಲತೆಗೂ ಇರುವ ಭೇದವೇ ಇಲ್ಲಿ ಅಳಿಸಿಹೋಗಿದೆ.

ಈ ಭೇದವನ್ನರಿಯಲು ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ತೆಗೆದ ಚಿತ್ರಗಳು ಉತ್ತಮ ಆಕರ. ಅವು ಮೇಣ ಸವರಿದ ಕಾಗದದ ದೊಡ್ಡ ಋಣಚಿತ್ರಗಳು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರ ಹೊತ್ತಿಗೆ ರೂಪಿಸಿದ ಈ ವಿಧಾನದಲ್ಲಿ ಕಾಗದವನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ದೂರದ ಪ್ರಯಾಣಕ್ಕೆ ಒಯ್ಯಬಹುದಿತ್ತು. ಬೆಳ್ಳಿಯ ಅಯೊಡೈಡು ನೀಲಿ, ನೇರಳೆ, ಅತಿನೇರಳೆ ಕಿರಣಗಳಿಗೆ ಮಾತ್ರ ಸ್ಪಂದಿಸುವುದರಿಂದ ಆಗಸ ಬರಿದಾಗಿ ಬೆಳ್ಳಗಾಗುತ್ತದೆ. ಹಸಿರು ಗಿಡ, ಕೆಮ್ಮಣ್ಣು ಕಪ್ಪಾಗುತ್ತವೆ. ಬೆಳಕಿಗೆ ಒಡ್ಡಲು ನಿಮಿಷಗಳೇ ಬೇಕಾದುದರಿಂದ ಅಡ್ಡಾಡುವ ಜನ ಚಿತ್ರದಲ್ಲಿ ಉಳಿಯುವುದಿಲ್ಲ. ಆ ಕಾಲದ ಚಿತ್ರಗಳ ನಿರ್ಜನತೆಗೆ ರಸಾಯನವೂ ಒಂದು ಕಾರಣವೆಂಬುದನ್ನು ಇತಿಹಾಸಕಾರರು ಮರೆಯುವುದುಂಟು.

ಗಣಕದಲ್ಲಿ ಇದನ್ನು ಮರುಸೃಷ್ಟಿಸುವುದಾದರೆ ವರ್ಣಚಿತ್ರದ ಕೆಂಪು, ಹಸಿರು ಪದರಗಳನ್ನು ಕೈಬಿಟ್ಟು ನೀಲಿ ಪದರವೊಂದನ್ನೇ ಉಳಿಸಿಕೊಳ್ಳಬೇಕು. ಮೂರನ್ನೂ ಬೆರೆಸಿ ಕಪ್ಪುಬಿಳುಪಾಗಿಸಿದ ಮೇಲೆ ಎಷ್ಟು ಕಂದು ಬಳಿದರೂ ದುರ್ಗದ ಕುರುಚಲು ಕಾಡು ಬಂಡೆಯ ಬೆಳಕಿಗೆ ಸಮೀಪವಾಗಿಯೇ ಉಳಿದು ಗುಟ್ಟು ಬಿಟ್ಟುಕೊಡುತ್ತದೆ. ಕಾಗದದ ನಾರಿನ ಮಾಸಲನ್ನೂ ಋಣಚಿತ್ರದ ಹಂತದಲ್ಲೇ ಬೆರೆಸಬೇಕು. ಅದು ಮುದ್ರಣದ ಬೆಳಕು ಋಣಚಿತ್ರವನ್ನು ಹಾದುಬರುವಾಗ ಮೂಡುವಂಥದು. ಕಂದು ಬಣ್ಣಕ್ಕಾದರೆ ಆಧಾರವುಂಟು: ಉಪ್ಪುಗಾಗದದ ಮುದ್ರಣದಲ್ಲಿ ಬೆಳ್ಳಿಯ ಸೂಕ್ಷ್ಮ ಕಣಗಳು ಆ ಛಾಯೆಯನ್ನೇ ಕೊಡುತ್ತವೆ. ಕಲೆ, ಗೀರುಗಳು ಮಾತ್ರ ಕಾಲದ ಕೊಡುಗೆ. ಇಷ್ಟಾದರೂ ಸಾಮ್ಯ ಅಪೂರ್ಣವೇ. ಡಿಜಿಟಲ್ ಕ್ಯಾಮೆರಾದ ಶೋಧಕವು ಅತಿನೇರಳೆಯನ್ನು ತಡೆಯುವುದರಿಂದ ದೂರದ ಬೆಟ್ಟಗಳು ಮಬ್ಬಿನಲ್ಲಿ ಕರಗುವ ಹಳೆಯ ಬಗೆ ಅದಕ್ಕೆ ದಕ್ಕದು.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ನೆಲೆಗಳನ್ನೇ ಹುಡುಕಿ ಹಂಪಿಯನ್ನು ಮತ್ತೆ ಚಿತ್ರಿಸಿದರು. ಹಳೆಯದೆಂಬ ಸೋಗಿಲ್ಲದ ಆ ಜೋಡಿಚಿತ್ರಗಳು ಸ್ಮಾರಕಗಳಲ್ಲಾದ ಬದಲಾವಣೆಗೆ ಸಾಕ್ಷಿಯಾಗಿ ನಿಲ್ಲುತ್ತವೆ.

ಸೋಗಿನ ಹಾನಿ ಸಣ್ಣದಲ್ಲ. ಈಚೆಗೆ ಕುಸಿದ ಕೋಟೆಗೋಡೆಯೊಂದರ ಚಿತ್ರ ಹಳೆಯ ವೇಷದಲ್ಲಿ ಗ್ರಂಥಾಲಯ ಸೇರಿದರೆ, ಆ ಗೋಡೆ ಕಂಪನಿಯ ಆಳ್ವಿಕೆಯಲ್ಲೇ ಬಿದ್ದಿತ್ತೆಂದು ಮುಂದಿನ ಸಂಶೋಧಕ ಬರೆದಾನು. ಅನುಕರಣೆಯ ಪ್ರತಿಯೊಡನೆ ಮೂಲ ಕಡತ, ಚಿತ್ರ ತೆಗೆದ ದಿನಾಂಕ, ಮಾಡಿದ ತಿದ್ದುಪಡಿಗಳ ವಿವರ ಇವಿಷ್ಟೂ ಇಲ್ಲದಿದ್ದರೆ ಸಂಗ್ರಹಾಲಯಗಳು ಅದನ್ನು ಸ್ವೀಕರಿಸಬಾರದು.