ಲೋಕಾಭಿಪ್ರಾಯದ ಅಂಕಿಯೂ ಅರ್ಥವೂ: ವಯೋದೃಢೀಕರಣ ಶಾಸನಗಳ ಪ್ರಸಂಗ

ಲೋಕಾಭಿಪ್ರಾಯವೆಂಬುದು ಪ್ರಜಾಪ್ರಭುತ್ವದಲ್ಲಿ ಬಹು ದೊಡ್ಡ ಪ್ರಮಾಣ. ಶಾಸನವನ್ನು ತರುವವರೂ ಅದನ್ನು ವಿರೋಧಿಸುವವರೂ ಅದನ್ನೇ ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿ ಏನು ಹೇಳಿತೆಂಬುದನ್ನು ಎಲ್ಲರೂ ಕೇಳುತ್ತಾರೆ. ಸಾಕ್ಷಿಯನ್ನು ಏನು ಪ್ರಶ್ನಿಸಲಾಯಿತೆಂದು ವಿಚಾರಿಸುವವರು ಕಡಮೆ. ಅಂತರಜಾಲವನ್ನು ಬಳಸುವವರ ವಯಸ್ಸನ್ನು ದೃಢಪಡಿಸಿಕೊಳ್ಳಬೇಕೆಂದು ವಿಧಿಸುವ ಶಾಸನಗಳು ಈಚಿನ ವರ್ಷಗಳಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದ ಹಲವು ಸಂಸ್ಥಾನಗಳು ಮೊದಲಾದೆಡೆ ಜಾರಿಗೆ ಬಂದಿವೆ. ಅವುಗಳ ವಿಷಯದಲ್ಲಿ ಜನರ ಅಭಿಪ್ರಾಯವೇನೆಂಬ ಪ್ರಶ್ನೆಗೆ ದೊರೆತಿರುವ ಉತ್ತರಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಶಾಸನದ ಪರವಾಗಿ ಎತ್ತಿ ತೋರಿಸುವ ಬಹುಮತವು ಯಾವುದಕ್ಕೆ ಸಂದ ಮತ, ಯಾವುದಕ್ಕೆ ಸಲ್ಲದ ಮತ ಎಂಬುದನ್ನು ನಾವು ತಿಳಿಯಬೇಕಾಗಿದೆ.

ಬ್ರಿಟನ್ನಿನ ನಿದರ್ಶನವನ್ನು ಮೊದಲು ತೆಗೆದುಕೊಳ್ಳೋಣ. ಅಲ್ಲಿ ಈ ಪ್ರಯತ್ನ ಹೊಸದಲ್ಲ. ಅಶ್ಲೀಲ ದೃಶ್ಯಗಳನ್ನು ಒದಗಿಸುವ ಜಾಲತಾಣಗಳು ನೋಡುಗರ ವಯಸ್ಸನ್ನು ಪರಿಶೀಲಿಸತಕ್ಕದ್ದೆಂದು 2017ರ ಡಿಜಿಟಲ್ ಎಕಾನಮಿ ಶಾಸನದಲ್ಲಿಯೇ ವಿಧಿಯಿತ್ತು. ಅದು ಒಂದೆರಡು ಬಾರಿ ಮುಂದೂಡಲ್ಪಟ್ಟು, 2019ರ ಅಕ್ಟೋಬರಿನಲ್ಲಿ ಕೈಬಿಡಲ್ಪಟ್ಟಿತು. ಅನಂತರ ಬಂದದ್ದು ಆನ್‌ಲೈನ್ ಸುರಕ್ಷತಾ ಶಾಸನ. ಇದಕ್ಕೆ 2023ರ ಅಕ್ಟೋಬರ್ 26ರಂದು ರಾಜಸಮ್ಮತಿ ದೊರೆಯಿತು; ವಯೋದೃಢೀಕರಣದ ವಿಧಿಗಳು 2025ರ ಜುಲೈ 25ರಿಂದ ಜಾರಿಗೆ ಬಂದವು. ಅಶ್ಲೀಲ ದೃಶ್ಯಗಳಷ್ಟೇ ಅಲ್ಲದೆ, ಆತ್ಮಹತ್ಯೆಯನ್ನೂ ಆತ್ಮಪೀಡನೆಯನ್ನೂ ಪ್ರಚೋದಿಸುವ ವಿಷಯಗಳಿಂದ ಮಕ್ಕಳನ್ನು ದೂರವಿಡಬೇಕೆಂಬುದು ಈ ಶಾಸನದ ಆಶಯ. ಆಫ್ಕಾಮ್ ಎಂಬ ನಿಯಂತ್ರಣ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ತಪ್ಪಿದ ಸಂಸ್ಥೆಗೆ 1 ಕೋಟಿ 80 ಲಕ್ಷ ಪೌಂಡು ಅಥವಾ ಅದರ ಜಾಗತಿಕ ವರಮಾನದ ಶೇಕಡಾ 10, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೆ ದಂಡ ವಿಧಿಸಬಹುದು.

ಶಾಸನ ಜಾರಿಗೆ ಬಂದ ಮೊದಲ ವಾರಗಳಲ್ಲಿ ಜನರ ಅಭಿಪ್ರಾಯ ಎರಡು ಅಂಕಿಗಳಾಗಿ ಪ್ರಕಟವಾಯಿತು. ಯೂಗವ್ ಸಂಸ್ಥೆಯ ಸಮೀಕ್ಷೆಯಲ್ಲಿ ಹತ್ತು ಜನರಲ್ಲಿ ಸುಮಾರು ಏಳು ಮಂದಿ ಹೊಸ ವಿಧಿಗಳನ್ನು ಬೆಂಬಲಿಸಿದರು. ಅದೇ ಕಾಲದಲ್ಲಿ ಶಾಸನವನ್ನು ರದ್ದುಮಾಡಬೇಕೆಂದು ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಗೆ 5 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಸರ್ಕಾರದ ಪಕ್ಷದವರು ಮೊದಲನೆಯ ಅಂಕಿಯನ್ನು ಹಿಡಿದು ‘ಜನ ನಮ್ಮೊಡನಿದ್ದಾರೆ’ ಎಂದರು. ಸ್ವಾತಂತ್ರ್ಯಪಕ್ಷದವರು ಎರಡನೆಯದನ್ನು ಹಿಡಿದು ಅದೇ ಮಾತನ್ನು ಹೇಳಿದರು. ಇಬ್ಬರ ಅಂಕಿಯೂ ಸುಳ್ಳಲ್ಲ. ಆದರೂ ಎರಡೂ ಅಂಕಿಗಳು ತಮ್ಮ ಮೇಲೆ ಹೊರಿಸಿದ ಅರ್ಥದ ಭಾರವನ್ನು ಹೊರಲಾರವು ಎಂಬುದು ನಮ್ಮ ವಾದ.

ಸಮೀಕ್ಷೆಯ ಇನ್ನೊಂದು ಉತ್ತರವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಈ ವಿಧಿಗಳಿಂದ ಮಕ್ಕಳು ಅಶ್ಲೀಲ ದೃಶ್ಯಗಳನ್ನು ನೋಡುವುದು ತಪ್ಪೀತೆ ಎಂದು ಅದೇ ಜನರನ್ನು ಕೇಳಿದಾಗ, ತಪ್ಪೀತೆಂದು ನಂಬಿದವರು ಸುಮಾರು ಕಾಲುಭಾಗ ಮಾತ್ರ. ಅಂದರೆ ಬೆಂಬಲಿಸಿದವರಲ್ಲಿಯೇ ಬಹು ಮಂದಿಗೆ ತಾವು ಬೆಂಬಲಿಸಿದ ಉಪಾಯದಲ್ಲಿ ನಂಬಿಕೆಯಿಲ್ಲ. ಅವರ ಶಂಕೆ ನಿರಾಧಾರವೂ ಅಲ್ಲ. ತನ್ನ ನೆಲೆಯನ್ನು ಮರೆಮಾಡಿ ಬೇರೆ ದೇಶದಿಂದ ಬಂದವನಂತೆ ಜಾಲವನ್ನು ಪ್ರವೇಶಿಸಲು ವಿ.ಪಿ.ಎನ್. ಎಂಬ ಸಾಧನವಿದೆ. ಶಾಸನ ಜಾರಿಗೆ ಬಂದ ದಿನವೇ ಬ್ರಿಟನ್ನಿನಲ್ಲಿ ತನ್ನ ಹೊಸ ಗಿರಾಕಿಗಳು ಎಂದಿಗಿಂತ ಶೇಕಡಾ 1,400ರಷ್ಟು ಹೆಚ್ಚಿದರೆಂದು ಪ್ರೋಟಾನ್ ಎಂಬ ಸಂಸ್ಥೆ ಹೇಳಿಕೊಂಡಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ ಎಂದು ನಮ್ಮವರು ಹೇಳುವುದುಂಟು. ಹಾಗಾದರೆ ಫಲಿಸದೆಂದು ತಿಳಿದೂ ಜನ ಹೌದೆಂದದ್ದೇಕೆ? ಇದನ್ನು ಜನರ ಅವಿವೇಕವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ವಿಮರ್ಶೆಯಾಗಲಾರದು.

ನಮ್ಮ ಶಾಸ್ತ್ರಕಾರರು ಸಾಧ್ಯ, ಸಾಧನ ಎಂದು ಎರಡನ್ನು ಬೇರ್ಪಡಿಸಿ ನೋಡುತ್ತಿದ್ದರು. ಇವೆರಡರ ಜೊತೆಗೆ ಬೆಲೆ ಎಂಬ ಮೂರನೆಯದನ್ನೂ ಸೇರಿಸಿಕೊಂಡರೆ ಪ್ರಕೃತ ವಿಷಯ ತಿಳಿಯಾಗುತ್ತದೆ. ಮಕ್ಕಳ ರಕ್ಷಣೆ ಸಾಧ್ಯ. ವಯೋದೃಢೀಕರಣ ಸಾಧನ. ಪ್ರಾಪ್ತವಯಸ್ಕರೆಲ್ಲರೂ ಓದುವ, ನೋಡುವ ಮೊದಲು ತಮ್ಮ ಗುರುತನ್ನೋ ಮುಖವನ್ನೋ ಒಪ್ಪಿಸಬೇಕಾಗುವುದು ಬೆಲೆ. ಸಮೀಕ್ಷೆಯ ಒಂದು ಸಾಲಿನ ಪ್ರಶ್ನೆಯಲ್ಲಿ ಮೂರೂ ಕೂಡಿಕೊಂಡಿರುತ್ತವೆ. ಉತ್ತರಿಸುವವನ ಮನಸ್ಸಿಗೆ ಮೊದಲು ತಾಗುವುದು ಸಾಧ್ಯ. ಮಕ್ಕಳನ್ನು ಕಾಪಾಡಬೇಕೆ ಎಂದರೆ ಬೇಡವೆನ್ನುವ ಗೃಹಸ್ಥನಾರು? ಆ ‘ಹೌದು’ ತನ್ನ ನೀತಿಯ ಪ್ರಕಟನೆ. ಅದನ್ನು ಸಾಧನಕ್ಕೆ ಕೊಟ್ಟ ಒಪ್ಪಿಗೆಯೆಂದೂ, ಬೆಲೆಯನ್ನು ತೆರಲು ಮಾಡಿದ ಸಂಕಲ್ಪವೆಂದೂ ಎಣಿಸುವುದು ಒಂದು ಮತವನ್ನು ಮೂರು ಸಲ ಲೆಕ್ಕ ಮಾಡಿದಂತೆ.

ಬೆಲೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ವಯಸ್ಸನ್ನು ತಿಳಿಯಲು ಆಫ್ಕಾಮ್ ಒಪ್ಪಿದ ಮಾರ್ಗಗಳು ಹಲವು: ಮುಖದ ಚಿತ್ರದಿಂದ ಯಂತ್ರವು ವಯಸ್ಸನ್ನು ಅಂದಾಜು ಮಾಡುವುದು, ಗುರುತಿನ ಪತ್ರದ ಚಿತ್ರವನ್ನು ಮುಖದೊಡನೆ ಹೋಲಿಸುವುದು, ಕ್ರೆಡಿಟ್ ಕಾರ್ಡು ಅಥವಾ ಬ್ಯಾಂಕಿನ ಮೂಲಕ ಖಚಿತಪಡಿಸುವುದು ಇತ್ಯಾದಿ. ಮದ್ಯದಂಗಡಿಯಲ್ಲಿ ತರುಣನ ವಯಸ್ಸನ್ನು ಕೇಳುವುದಿಲ್ಲವೆ, ಇದೂ ಅಷ್ಟೆ, ಎಂದು ಶಾಸನಪಕ್ಷದವರು ಹೇಳುತ್ತಾರೆ. ಹೋಲಿಕೆ ಅರ್ಧ ಸರಿ. ಅಂಗಡಿಯವನು ಪತ್ರವನ್ನು ನೋಡಿ ಹಿಂದಿರುಗಿಸುತ್ತಾನೆ, ಮರುಗಳಿಗೆ ಮರೆಯುತ್ತಾನೆ; ನರೆಗೂದಲಿನವನನ್ನು ಕೇಳುವುದೂ ಇಲ್ಲ. ಯಂತ್ರ ಎಲ್ಲರನ್ನೂ ಕೇಳುತ್ತದೆ, ಕೇಳಿದ್ದನ್ನು ಇಟ್ಟುಕೊಳ್ಳಲೂಬಲ್ಲದು. 2025ರ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಎಂಬ ಸಂಭಾಷಣಜಾಲವು, ತನ್ನ ಕೆಲಸವನ್ನು ವಹಿಸಿಕೊಂಡಿದ್ದ ಹೊರಗಿನ ಸಂಸ್ಥೆಯೊಂದರಲ್ಲಿ ಕನ್ನವಾಗಿ, ಸುಮಾರು 70,000 ಬಳಕೆದಾರರ ಸರ್ಕಾರೀ ಗುರುತಿನ ಪತ್ರಗಳ ಚಿತ್ರಗಳು ಬಯಲಾಗಿರಬಹುದೆಂದು ಪ್ರಕಟಿಸಿತು. ವಯಸ್ಸಿನ ವಿಷಯದಲ್ಲಿ ಎದ್ದ ತಕರಾರುಗಳನ್ನು ತೀರಿಸಲೆಂದು ಪಡೆದ ಪತ್ರಗಳು ಅವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ನೆನಪಾಗದಿರದು. ಆದರೂ ಎಲ್ಲ ಮಾರ್ಗಗಳ ಬೆಲೆ ಒಂದೇ ಅಲ್ಲವೆಂಬುದನ್ನು ಒಪ್ಪಬೇಕು. ಹೆಸರನ್ನು ತಿಳಿಸದೆ ‘ಇವನು ಹದಿನೆಂಟು ತುಂಬಿದವನು’ ಎಂಬ ಒಂದೇ ಸಂಗತಿಯನ್ನು ಜಾಲತಾಣಕ್ಕೆ ಮುಟ್ಟಿಸುವ ವಿಧಾನಗಳೂ ಇವೆ. ಸಮೀಕ್ಷೆಯ ‘ಹೌದು’ ಇವುಗಳಲ್ಲಿ ಯಾವುದಕ್ಕೆ ಸೇರಿದ್ದು?

ಇಷ್ಟರಿಂದ ಸ್ವಾತಂತ್ರ್ಯಪಕ್ಷವೇ ಗೆದ್ದಿತೆಂದು ಭಾವಿಸಲಾಗದು. ಆ ಪಕ್ಷದ ಮೇಲೂ ಮೂರು ಆಕ್ಷೇಪಗಳುಂಟು. ಮೊದಲನೆಯದು, ಮನವಿಗೆ ಸಹಿ ಹಾಕುವವರು ತಾವಾಗಿಯೇ ಮುಂದೆ ಬಂದವರು. ಅವರ ಸಂಖ್ಯೆ ಉತ್ಕಟತೆಯನ್ನು ತೋರಿಸುತ್ತದೆಯೇ ಹೊರತು ಇಡೀ ಜನತೆಯ ಒಲವನ್ನಲ್ಲ. ಎರಡನೆಯದು, ಅವರು ಪ್ರಮಾಣವಾಗಿ ಉಲ್ಲೇಖಿಸುವ ಜಾನ್ ಸ್ಟುವರ್ಟ್ ಮಿಲ್ಲನು 1859ರ ತನ್ನ ‘ಆನ್ ಲಿಬರ್ಟಿ’ ಗ್ರಂಥದಲ್ಲಿ ತನ್ನ ಸ್ವಾತಂತ್ರ್ಯತತ್ತ್ವವು ಮಕ್ಕಳಿಗೆ ಅನ್ವಯಿಸದೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಮೂರನೆಯದೇ ಹೆಚ್ಚು ಗುರುತರವಾದದ್ದು. 2017ರಲ್ಲಿ ಲಂಡನ್ನಿನ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ಖಿನ್ನತೆಯ ಜೊತೆಗೆ, ಆತ್ಮಪೀಡನೆಯನ್ನು ಕುರಿತು ಜಾಲದಲ್ಲಿ ಅವಳು ಕಂಡ ವಿಷಯಗಳೂ ಆ ಸಾವಿಗೆ ಕಾರಣಗಳಲ್ಲಿ ಸೇರಿದ್ದವೆಂದು 2022ರಲ್ಲಿ ಮರಣವಿಚಾರಣೆಯ ಅಧಿಕಾರಿ ನಿರ್ಣಯಿಸಿದನು. ಅವಳು ಹುಡುಕದಿದ್ದವುಗಳನ್ನೂ ಯಂತ್ರವೇ ಅವಳ ಮುಂದೆ ತಂದೊಡ್ಡಿತ್ತು. ಇಂಥ ಸಂಗತಿಯನ್ನು ಬಲ್ಲ ತಂದೆತಾಯಿಗಳ ಭೀತಿಯನ್ನು ಅಜ್ಞಾನವೆಂದು ಕರೆಯುವುದು ಅನ್ಯಾಯ. ಹತ್ತರಲ್ಲಿ ಏಳು ಜನರ ‘ಹೌದು’ ಎಂಬುದರ ಒಳಗೆ ಈ ಭೀತಿಯಿದೆ. ಫಲ ಸಂದಿಗ್ಧವಾದರೂ ಏನಾದರೊಂದು ಆಗಲೇಬೇಕೆಂಬ ಆರ್ತತೆಯಿದೆ.

ಸಮೀಕ್ಷೆಗಳು ಬಿಡಿಸಿ ಕೇಳದ ಪ್ರಶ್ನೆಯನ್ನು ನ್ಯಾಯಾಲಯಗಳು ಬಿಡಿಸಿ ಕೇಳಿವೆಯೆಂಬುದು ಗಮನಾರ್ಹ. ಅಮೆರಿಕದ ಸುಪ್ರೀಂ ಕೋರ್ಟು 1997ರಲ್ಲಿಯೂ 2004ರಲ್ಲಿಯೂ, ಮಕ್ಕಳ ರಕ್ಷಣೆಗಾಗಿ ತಂದ ಕಟ್ಟಳೆಗಳು ಪ್ರಾಪ್ತವಯಸ್ಕರ ವಾಕ್ಸ್ವಾತಂತ್ರ್ಯದ ಮೇಲೆ ಹೊರಿಸುವ ಭಾರವನ್ನು ತೂಗಿ, ಅದಕ್ಕಿಂತ ಹಗುರವಾದ ಉಪಾಯಗಳಿಲ್ಲವೆ ಎಂದು ಕೇಳಿ, ಕಟ್ಟಳೆಗಳನ್ನು ತಡೆಯಿತು. ಟೆಕ್ಸಾಸ್ ಸಂಸ್ಥಾನದ 2023ರ ವಯೋದೃಢೀಕರಣ ಶಾಸನದ ಮೊಕದ್ದಮೆಯಲ್ಲಿ, 2025ರ ಜೂನ್ 27ರಂದು, ಅದೇ ನ್ಯಾಯಾಲಯ ಆರು ಮಂದಿಗೆ ಮೂವರ ಬಹುಮತದಿಂದ ಶಾಸನವನ್ನು ಎತ್ತಿಹಿಡಿಯಿತು. ಪ್ರಾಪ್ತವಯಸ್ಕರ ಮೇಲಿನ ಭಾರ ಆನುಷಂಗಿಕವಾದದ್ದೆಂದು ಬಹುಮತದ ಅಭಿಪ್ರಾಯ. ಆ ಭಾರವನ್ನು ಇನ್ನೂ ಕಠಿನವಾದ ಒರೆಗೆ ಹಚ್ಚಬೇಕಾಗಿತ್ತೆಂದು ಭಿನ್ನಮತ. ತೀರ್ಪು ಯಾವ ಕಡೆಗೇ ಆಗಲಿ, ವಿವಾದವೆಲ್ಲ ನಿಂತದ್ದು ಬೆಲೆಯ ಮೇಲೆ. ಜನಮತದ ಅಂಕಿಗಳಲ್ಲಿ ಕಾಣದೆ ಹೋದದ್ದು ಅದೇ ಬೆಲೆ.

ಆಸ್ಟ್ರೇಲಿಯಾದ ಪ್ರಸಂಗ ಇದಕ್ಕೆ ಪೂರಕವಾಗಿದೆ. ಹದಿನಾರು ತುಂಬದವರು ಸಾಮಾಜಿಕ ಜಾಲಗಳಲ್ಲಿ ಖಾತೆ ಹೊಂದಕೂಡದೆಂಬ ಶಾಸನವನ್ನು ಅಲ್ಲಿಯ ಪಾರ್ಲಿಮೆಂಟು 2024ರ ನವೆಂಬರ್ ಕೊನೆಯಲ್ಲಿ ಅಂಗೀಕರಿಸಿತು. ಅದು 2025ರ ಡಿಸೆಂಬರ್ 10ರಿಂದ ಜಾರಿಯಲ್ಲಿದೆ. ಆ ವೇಳೆಯ ಸಮೀಕ್ಷೆಯೊಂದರಲ್ಲಿ ಶೇಕಡಾ 77 ಜನ ಇದರ ಪರವಾಗಿದ್ದರು. ಆದರೆ ಸೆನೆಟ್ ಸಮಿತಿ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯಗಳನ್ನು ಪಡೆಯಲು ಕೊಟ್ಟ ಅವಧಿ ಒಂದೇ ದಿನ. ಆ ಒಂದು ದಿನದಲ್ಲಿ ಬಂದ ಪತ್ರಗಳು ಸುಮಾರು 15,000. ಅನಂತರ ಶಾಸನದಲ್ಲಿ ಒಂದು ಮಾತು ಸೇರಿತು: ಸರ್ಕಾರೀ ಗುರುತಿನ ಪತ್ರವೊಂದನ್ನೇ ಜಾಲಸಂಸ್ಥೆಗಳು ಬೇಡಕೂಡದು, ಬೇರೊಂದು ಮಾರ್ಗವನ್ನೂ ಒದಗಿಸತಕ್ಕದ್ದು. ಶೇಕಡಾ 77ರೊಳಗೆ ಸಾಧ್ಯಕ್ಕೆ ಒಪ್ಪಿಗೆಯಿದ್ದರೂ ಬೆಲೆಯ ವಿಷಯದಲ್ಲಿ ಅಳುಕಿತ್ತೆಂಬುದನ್ನು ಶಾಸಕರು ಅರಿತಿದ್ದರೆಂದೇ ಇದರ ಅರ್ಥ. ಅವಸರದ ನಡುವೆಯೂ ಬಹುಮತವನ್ನು ಬಿಡಿಸಿ ಓದಿದ ನಿದರ್ಶನ ಇದು.

ದೂರದ ದೇಶಗಳ ಈ ಚರ್ಚೆ ನಮಗೂ ಸಂಬಂಧಿಸಿದ್ದು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದಾದ ಆರು ವರ್ಷಗಳಿಗೆ ಬಂದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು, ಹದಿನೆಂಟು ತುಂಬದವರ ವಿವರಗಳನ್ನು ಬಳಸುವ ಮುನ್ನ ತಂದೆತಾಯಿಗಳ ಪರಿಶೀಲಿಸಬಹುದಾದ ಸಮ್ಮತಿಯನ್ನು ಪಡೆಯಬೇಕೆಂದು ತನ್ನ ಒಂಬತ್ತನೆಯ ವಿಧಿಯಲ್ಲಿ ಹೇಳಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಯಾರು ಮಕ್ಕಳೆಂದು ತಿಳಿಯಲು ಯಾರು ಮಕ್ಕಳಲ್ಲವೆಂಬುದನ್ನೂ ತಿಳಿಯಬೇಕಾಗುತ್ತದೆ. ಅಲ್ಲಿಗೆ ಬೆಲೆಯ ಪ್ರಶ್ನೆ ನಮ್ಮ ಬಾಗಿಲಿಗೂ ಬಂತು. ನಮ್ಮಲ್ಲಿ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಸಂಸಾರಗಳು ಎಷ್ಟೋ ಇವೆ. ತಂದೆಯ ಫೋನಿನ ವ್ಯವಹಾರವನ್ನೆಲ್ಲ ಮಗನೇ ನಡೆಸಿಕೊಡುವ ಮನೆಗಳೂ ಇವೆ. ಅಲ್ಲಿ ತಂದೆಯ ಸಮ್ಮತಿಯನ್ನು ಒತ್ತುವ ಬೆರಳು ಯಾರದು? ಮಕ್ಕಳನ್ನು ಕಾಪಾಡಬೇಕೆ ಎಂದು ಇಲ್ಲಿಯೂ ನಾಳೆ ಸಮೀಕ್ಷೆ ನಡೆಯಬಹುದು, ದೊಡ್ಡ ಬಹುಮತವೂ ಬರಬಹುದು. ಆ ಬಹುಮತ ಈ ಪ್ರಶ್ನೆಗೆ ಉತ್ತರವಾಗದು.

ಇಷ್ಟನ್ನು ಹೇಳಿದ ಮೇಲೆ ನಮ್ಮ ನಿಲವನ್ನೂ ಹೇಳಬೇಕು. ಮಕ್ಕಳನ್ನು ರಕ್ಷಿಸುವ ಹೊಣೆ ಸಮಾಜದ್ದು. ಬಹುಮತವು ಅದನ್ನು ಸಾರಿದರೆ ಅದಕ್ಕೆ ತಲೆಬಾಗಬೇಕು. ಆದರೆ ಹೆಸರನ್ನು ಹೇಳದೆ ಓದುವ, ತನ್ನ ಸಂದೇಹವನ್ನು ಯಾರಿಗೂ ತಿಳಿಯದಂತೆ ಪರಿಹರಿಸಿಕೊಳ್ಳುವ ಸ್ವಾತಂತ್ರ್ಯವು ಅಪರಾಧಿಯ ಮರೆಮಾಚುವಿಕೆಯಲ್ಲ. ರೋಗವನ್ನು ಬಾಯಿಬಿಟ್ಟು ಹೇಳಲಾರದವನು, ಮನೆಯವರ ಮತಕ್ಕೆ ಒಗ್ಗದ ಪುಸ್ತಕವನ್ನು ಓದುವ ವಿದ್ಯಾರ್ಥಿನಿ, ಅಧಿಕಾರಿಯ ತಪ್ಪನ್ನು ಬಲ್ಲ ಗುಮಾಸ್ತ, ಇವರೆಲ್ಲ ಅದರ ನೆರಳಿನಲ್ಲಿ ಬದುಕುವವರು. ಇಂಥವರ ಸಂಖ್ಯೆ ಯಾವ ಸಮೀಕ್ಷೆಯಲ್ಲಿಯೂ ಬಹುಮತವಾಗದು. ಆದ್ದರಿಂದ ಶೇಕಡಾವಾರು ಅಂಕಿಯೊಂದನ್ನು ಕಂಡಾಗ ನಮ್ಮ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು: ಕೇಳಿದ್ದು ಸಾಧ್ಯವನ್ನೋ ಸಾಧನವನ್ನೋ? ಬೆಲೆಯನ್ನು ಮೊದಲೇ ತಿಳಿಸಿದ್ದರೋ ಇಲ್ಲವೋ? ಆ ಬೆಲೆಯನ್ನು ತೆರುವವರು ಉತ್ತರ ಕೊಟ್ಟವರೋ, ಬೇರೆಯವರೋ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಉಳಿಯುವ ಬಹುಮತವನ್ನು ಶಾಸನವು ಧೈರ್ಯವಾಗಿ ಆಶ್ರಯಿಸಬಹುದು.