ಪುಕ್ಕಟೆ ಓದು, ಮುಕ್ತ ಓದು

ಹುಲಗೂರಿನಲ್ಲಿರುವ ನಮ್ಮ ಅವ್ವನಿಗೆ ಮೊದಲಿನಿಂದಲೂ ಓದಿನ ಹುಚ್ಚು. ಮದುವೆಯಾದ ಹೊಸತರಲ್ಲಿ ಯಾರಿಂದಲೋ ಎರವಲು ತಂದ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಗೆ ಕೊನೆಯ ಹಾಳೆಗಳೇ ಇರಲಿಲ್ಲವಂತೆ. ಮುಂದೇನಾಯಿತೆಂದು ಕೇಳೋಣವೆಂದರೆ ಓಣಿಯಲ್ಲಿ ಅದನ್ನು ಓದಿದ ಮತ್ತೊಬ್ಬ ಹೆಣ್ಣುಮಗಳಿರಲಿಲ್ಲ.

ಹೋದ ಬೇಸಿಗೆಯಲ್ಲಿ ತವರಿಗೆ ಹೋದಾಗ, ಒಂದು ಡಿಜಿಟಲ್ ಸಂಗ್ರಹದಲ್ಲಿ ಆ ಪುಸ್ತಕ ಸಿಕ್ಕಿತು. ಕಾಸಿಲ್ಲ, ಸದಸ್ಯತ್ವವಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ಸರಿಸುತ್ತ ಹೋದರೆ ಅಲ್ಲಿಯೂ ಕೊನೆಯ ನಾಲ್ಕು ಪುಟಗಳಿಲ್ಲ! ಯಾವುದೋ ಹರಿದ ಪ್ರತಿಯನ್ನು ಹರಿದಂತೆಯೇ ಸ್ಕ್ಯಾನ್ ಮಾಡಿದ್ದರು.

“ಫೋನಿನ್ಯಾಗೂ ಹರಕ ಪುಸ್ತಕನ ಐತೇನವಾ?” ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಪುಕ್ಕಟೆ ಸಿಕ್ಕಿತೆಂದು ಹಿಗ್ಗುವ ನಾವು, ಪುಕ್ಕಟೆಯೇ ಬೇರೆ ಮುಕ್ತವೇ ಬೇರೆ ಎಂಬುದನ್ನು ಮರೆಯುತ್ತೇವೆ. ಇಂಥ ಸ್ಕ್ಯಾನಿನಲ್ಲಿರುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ಕಣ್ಣು ಮಂದವಾದವರು ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಓಡುತ್ತದೆ. ಶಬ್ದ ಹುಡುಕಿದರೆ ಸಿಗುವುದಿಲ್ಲ. ನೋಡಬಹುದು, ರಿಪೇರಿ ಮಾಡುವಂತಿಲ್ಲ. ಮುಕ್ತವೆಂದರೆ ಓದುಗಳಿಗೂ ಸೂಜಿ-ದಾರ ಕೊಡುವುದು.

ನಿರಂಜನರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಮಾಡಿದ್ದು ಅದನ್ನೇ. ತಂದೆಯ 50ಕ್ಕೂ ಹೆಚ್ಚು ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಲೇಖಕರ ಹೆಸರು ಹೇಳಿ, ಅದೇ ಷರತ್ತಿನ ಮೇಲೆ ಯಾರು ಬೇಕಾದರೂ ಹಂಚಬಹುದು, ಅಚ್ಚು ಹಾಕಬಹುದು. ತ್ರಿವೇಣಿಯವರ ವಿಷಯದಲ್ಲಿ ಕಾನೂನೇ ಬಾಗಿಲು ತೆರೆದಿದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ. ಅವರು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಹಾಗೆಂದು, ಇಂದು ಬರೆದು ಬದುಕುತ್ತಿರುವ ಲೇಖಕಿಯ ಪುಸ್ತಕವನ್ನು ವಾಟ್ಸಾಪಿನಲ್ಲಿ ಹಂಚಿದರೆ ಅದು ಮುಕ್ತವಲ್ಲ, ಕಳವು.

ನಮ್ಮೂರಿಗೆ ಇದು ಹೊಸ ಪಾಠವೇನಲ್ಲ. ಹುಲಗೂರಿನ ಖಾದರ ಷಾ ದರ್ಗಾಕ್ಕೆ ಹರಕೆ ಹೊತ್ತು ಶಿಶುನಾಳ ಶರೀಫರು ಹುಟ್ಟಿದರೆಂದು ಈ ಕಡೆ ಹೇಳುತ್ತಾರೆ. ಶರೀಫರು 1889ರಲ್ಲಿ ತೀರಿಕೊಂಡರೂ ಅವರ ಪದಗಳು ಬಾಯಿಂದ ಬಾಯಿಗೆ ನಡೆದು ಬಂದವು. ಒಬ್ಬರು ಮರೆತ ಸಾಲನ್ನು ಮತ್ತೊಬ್ಬರು ನೆನಪಿಸಿ ತುಂಬಿದರು.

ಕೊನೆಗೆ ಧಾರವಾಡದ ಗೆಳತಿಯೊಬ್ಬಳು ತನ್ನ ಹಳೆಯ ಪ್ರತಿಯಿಂದ ಆ ನಾಲ್ಕು ಪುಟಗಳ ಫೋಟೋ ಕಳಿಸಿದಳು. ಅವ್ವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟ ಏನವಾ? ನಾ ಮನಸಿನ್ಯಾಗ ಬ್ಯಾರೇನ ಮುಗಿಸಿದ್ದೆ ಬಿಡು” ಎಂದಳು.

ಈಗ ಗೆಳತಿ ಇಡೀ ಪುಸ್ತಕ ಕಳಿಸುತ್ತಿದ್ದಾಳೆ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ದಿನಕ್ಕೆರಡು ಪುಟ ಟೈಪ್ ಮಾಡುತ್ತೇನೆ. ಮುಗಿದ ಮೇಲೆ ಕನ್ನಡ ವಿಕಿಸೋರ್ಸ್‌ಗೆ ಹಾಕಬೇಕು. ನಿಮ್ಮ ಅಟ್ಟದ ಮೇಲೂ ಕೊನೆಯ ಹಾಳೆ ಹರಿಯದ ಒಂದು ಪುಸ್ತಕವಿರಬಹುದು, ಇಳಿಸಿ ನೋಡಿ.