ಕಾವೇರಿಗಿಂತ ಮುಂದೆ ನಿಂತ ಕಾಳಿ

ಪಠ್ಯ ಫೈಲಿನ ಸಾಲುಗಳನ್ನು ‘ಸಾರ್ಟ್’ ಆಜ್ಞೆಗೆ ಒಪ್ಪಿಸುವ ಮುನ್ನ ಲೊಕೇಲನ್ನು, ಅಂದರೆ ಭಾಷಾವಾರು ನಿಯಮಗಳ ಆಯ್ಕೆಯನ್ನು, ‘ಸಿ’ ಮಾಡಿಕೊಳ್ಳಿ ಎಂಬ ಸಲಹೆ ಲಿನಕ್ಸ್ ಬಳಗದಲ್ಲಿ ವೇದವಾಕ್ಯವಾಗಿಬಿಟ್ಟಿದೆ. ಕೆಲಸ ಬೇಗ ಮುಗಿಯುತ್ತದೆ, ಯಾವ ಯಂತ್ರದಲ್ಲಿ ಓಡಿಸಿದರೂ ಫಲಿತಾಂಶ ಒಂದೇ. ಇಂಗ್ಲಿಷ್ ಲಾಗ್ ಫೈಲುಗಳ ಮಟ್ಟಿಗೆ ಇದಕ್ಕೆ ನನ್ನ ತಕರಾರಿಲ್ಲ. ಕನ್ನಡಕ್ಕೂ ಇಷ್ಟೇ ಸಾಕು, ಯುನಿಕೋಡ್ ಹೇಗೂ ಅಕಾರಾದಿಯಲ್ಲೇ ಇದೆ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಜೋಯಿಡಾ ಕಡೆಯ ರಾಮನಗರದ ಸುತ್ತಲಿನ ಹೆಸರುಗಳನ್ನೇ ನೋಡೋಣ. ಸೂಪಾ ಅಣೆಕಟ್ಟೆಯಿಂದ ಮನೆಮಠ ಕಳೆದುಕೊಂಡವರು ಬಂದು ನೆಲೆಸಿದ ಊರಿದು. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂಬುದು ಇಲ್ಲಿ ಬದುಕಿನ ಪ್ರಶ್ನೆ. ಸಿ ಲೊಕೇಲಿನಲ್ಲಿ ಅಂಬಿಕಾನಗರ ಅಣಶಿಗಿಂತ ಮೊದಲು ಬರುತ್ತದೆ: ಸರಿ. ಕ್ಯಾಸಲ್‌ರಾಕ್ ಕಕಾರದ ಕೊನೆಗೆ ಹೋಗುತ್ತದೆ: ಅದೂ ಸರಿ. ಬಹುಪಾಲು ಸರಿಯಿರುವುದರಿಂದಲೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಈಗ ಕಾರವಾರ, ಕಾವೇರಿ, ಕಾಸರಗೋಡು, ಕಾಳಿ ಎಂಬ ನಾಲ್ಕು ಸಾಲು ಕೊಡಿ. ನಿಘಂಟಿನ ಕ್ರಮ ಇದೇ, ಏಕೆಂದರೆ ಳ ಬರುವುದು ಹ ಆದ ಮೇಲೆ. ಸಾರ್ಟ್ ಮಾತ್ರ ಕಾಳಿಯನ್ನು ಎತ್ತಿ ಕಾರವಾರದ ಬೆನ್ನಿಗೇ, ಕಾವೇರಿಗಿಂತ ಮುಂದೆ ನಿಲ್ಲಿಸುತ್ತದೆ. ಅದು ನೋಡುವುದು ಬೈಟುಗಳನ್ನು. ಯುನಿಕೋಡಿನಲ್ಲಿ ಳ ಇರುವುದು ಲ ಮತ್ತು ವ ನಡುವೆ. ನೂರಾರು ಪುಟದ ಪಟ್ಟಿಯಲ್ಲಿ ಹ ದಾಟಿದ ಮೇಲೆ ಳ ಹುಡುಕುವ ಓದುಗನಿಗೆ ಹೆಸರು ಸಿಗುವುದಿಲ್ಲ. ಇಲ್ಲವೆಂದೇ ತಿಳಿದು ಪುಟ ಮಗುಚುತ್ತಾನೆ.

ಇಲ್ಲಿ ಕೆಲವು ಭಾಷಾಭಿಮಾನಿ ವಿಮರ್ಶಕರು ಯುನಿಕೋಡಿನ ಮೇಲೆಯೇ ಹರಿಹಾಯುತ್ತಾರೆ. ಳಕಾರಕ್ಕೆ ಆ ಜಾಗ ಬಂದದ್ದು 1988ರ ಇಸ್ಕಿ ಎಂಬ ಭಾರತೀಯ ಸಂಕೇತಪದ್ಧತಿಯಿಂದ. ಭಾರತದ ಲಿಪಿಗಳನ್ನೆಲ್ಲ ಒಂದೇ ಚೌಕಟ್ಟಿಗೆ ಕೂರಿಸಿದಾಗ ಕನ್ನಡದ ಳ ದೇವನಾಗರಿಯ ಸಾಲಿಗೆ ಹೊಂದಿಕೊಂಡಿತು. ಇದನ್ನು ಉತ್ತರದ ಹೇರಿಕೆ ಎನ್ನುವವರು ಜೋಯಿಡಾ ಕಡೆ ಮರಾಠಿ ಕಲಿತ ಯಾರನ್ನಾದರೂ ಕೇಳಲಿ: ಅವರ ವರ್ಣಮಾಲೆಯಲ್ಲೂ ಳ ಹಕಾರದ ನಂತರವೇ. ಸಂಕೇತಸಂಖ್ಯೆ ಅಕ್ಷರದ ಗುರುತು ಮಾತ್ರ, ಸರದಿಯಲ್ಲ; ಒಮ್ಮೆ ಕೊಟ್ಟ ಸಂಖ್ಯೆಯನ್ನು ಯುನಿಕೋಡ್ ಬದಲಿಸುವುದೂ ಇಲ್ಲ. ಸರದಿಗೆಂದೇ ಬೇರೆ ಕೋಷ್ಟಕವಿದೆ, ಅದರಲ್ಲಿ ಳ ಹಕಾರದ ನಂತರವೇ ಇದೆ. ಲಿನಕ್ಸಿನ ಕನ್ನಡ ಲೊಕೇಲ್ ಇರುವುದು ಇಂಥ ಕೆಲಸಕ್ಕೇ. ಅದನ್ನು ಹಾಕಿಕೊಳ್ಳದೆ ಯುನಿಕೋಡನ್ನು ಬೈಯುವುದು ಸೋಮಾರಿತನ.

ಆ ಲೊಕೇಲಿಗೂ ಮಿತಿಯಿದೆ. ಜೋಯಿಡಾದ ‘ಜೋ’ವನ್ನು ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಬಿಡಿಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಸಾರ್ಟ್ ಇವನ್ನು ತಾನಾಗಿ ಒಂದುಮಾಡುವುದಿಲ್ಲ. ಬೈಟು ಲೆಕ್ಕದಲ್ಲಂತೂ ಒಂದು ಜೋಯಿಡಾ ‘ಜೈನ’ಕ್ಕಿಂತ ಮೊದಲು, ಇನ್ನೊಂದು ನಂತರ ಬರುತ್ತದೆ. ನಕಲು ಸಾಲು ತೆಗೆಯುವ ಆಯ್ಕೆ ಕೊಟ್ಟರೂ ಎರಡೂ ಉಳಿಯುತ್ತವೆ. ಫೈಲನ್ನು ಮೊದಲು ಏಕರೂಪಗೊಳಿಸಲೇಬೇಕು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫೈಲುಗಳನ್ನಂತೂ ಯುನಿಕೋಡಿಗೆ ತಾರದೆ ವಿಂಗಡಿಸುವುದರಲ್ಲಿ ಅರ್ಥವೇ ಇಲ್ಲ.

ನನ್ನ ದೊಡ್ಡ ಆಕ್ಷೇಪ ಸಾರ್ಟ್‌ನ ಮೌನದ ಬಗ್ಗೆ. ಕೇಳಿದ ಲೊಕೇಲ್ ಯಂತ್ರದಲ್ಲಿ ಇಲ್ಲದಿದ್ದರೆ ಅದು ಸದ್ದಿಲ್ಲದೆ ಬೈಟುಗಳಿಗೆ ಮರಳುತ್ತದೆ. ಡೀಬಗ್ ಆಯ್ಕೆ ಕೊಟ್ಟರಷ್ಟೇ, ತಾನು ಹೋಲಿಸಿದ್ದು ಬರೀ ಬೈಟುಗಳನ್ನು ಎಂದು ಬಾಯಿಬಿಡುತ್ತದೆ. ಕನ್ನಡ ಪಟ್ಟಿ ಅಚ್ಚಿಗೆ ಕಳಿಸುವವರು ಆ ಒಂದು ಸಾಲನ್ನು ಓದದೆ ಕಳಿಸಬಾರದು.